ಎಚ್‌ಐವಿ ಮಾತ್ರೆ ಬಿಟ್ಟಿರುವ ತಮ್ಮನನ್ನು ಮತ್ತೆ ಎಆರ್‌ಟಿ ಸೆಂಟರ್‌ಗೆ ಕಳಿಸುವುದು ಹೇಗೆ?

ನಾಲ್ಕು ವರ್ಷ ಮಾತ್ರೆ ತಗೊಂಡ ತಮ್ಮ, 'ಆರಾಮಾಗಿದ್ದೀನಿ, ಇನ್ಯಾಕೆ' ಅಂತ ಮೂರು ತಿಂಗಳಿಂದ ಬಿಟ್ಟಿದ್ದಾನೆ ಅಂದಿದ್ದೀರಿ. ಮೊದಲು ಬೈಯುವುದನ್ನು ನಿಲ್ಲಿಸಿ. ನಾನು 2012ರಿಂದ ಮಾತ್ರೆ ನುಂಗುತ್ತಿರುವವನು, ನಡುವೆ ಐದು ತಿಂಗಳು ಬಿಟ್ಟವನೂ ಹೌದು.

ಆಗ ನಾನೂ ಎಲ್ಲರಿಗೂ 'ಆರಾಮಾಗಿದ್ದೀನಿ' ಅಂತಲೇ ಹೇಳುತ್ತಿದ್ದೆ. ನಿಜವಾದ ಕಾರಣ ಬೇರೆ. ನನ್ನ ಫೈಲ್ ಊರ ಕಡೆ ಎಆರ್‌ಟಿ ಸೆಂಟರಲ್ಲಿ (ಎಚ್‌ಐವಿ ಮಾತ್ರೆ ಪುಕ್ಕಟೆ ಕೊಡುವ ಸರ್ಕಾರಿ ಕೇಂದ್ರ), ಗಾರೆ ಕೆಲಸ ಬೆಂಗಳೂರಲ್ಲಿ. ಪ್ರತಿ ತಿಂಗಳು ರಾತ್ರಿ ಬಸ್ಸು, ಎರಡು ದಿನದ ಕೂಲಿ ಹೋಯ್ತು, ಸಾಲಲ್ಲಿ ಗುರುತಿನವರು ಕಂಡರೆ ಅಂತ ಟವೆಲ್ ಸುತ್ತಿಕೊಂಡೇ ನಿಲ್ಲಬೇಕು. ಒಮ್ಮೆ ತಡವಾಗಿ ಹೋದದ್ದಕ್ಕೆ ಅಲ್ಲಿನ ಸಿಬ್ಬಂದಿಯೊಬ್ಬರು ಎಲ್ಲರೆದುರು ಕೂಗಾಡಿದರು. ಆಮೇಲೆ ಹೋಗಲೇ ಇಲ್ಲ.

ಮತ್ತೆ ದಾರಿಗೆ ತಂದದ್ದು ಒಬ್ಬ ಕೌನ್ಸೆಲರ್ ಕೇಳಿದ ಒಂದೇ ಪ್ರಶ್ನೆ. 'ಯಾಕೆ ಬಿಟ್ಟಿರಿ' ಅನ್ನಲಿಲ್ಲ, 'ಡಬ್ಬಿ ಎಲ್ಲಿ ಇಡ್ತೀರಿ' ಅಂದರು. ರೂಮಲ್ಲಿ ನಾಲ್ಕು ಜನ ಇದ್ದೆವು, ಬ್ಯಾಗು ಎತ್ತಿದರೆ ಡಬ್ಬಿ ಗಲಗಲ ಅನ್ನುತ್ತಿತ್ತು, ಅದಕ್ಕೆ ಒಳಗೆ ಹತ್ತಿ ತುರುಕಿ ಲೇಬಲ್ಲನ್ನು ಉಗುರಲ್ಲಿ ಕೆರೆದು ತೆಗೆಯುತ್ತಿದ್ದೆ. ಅದನ್ನು ಅಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ಅವರೇ ಬೆಂಗಳೂರಿಗೆ ಟ್ರಾನ್ಸ್‌ಫರ್ ಪತ್ರ ಬರೆದುಕೊಟ್ಟರು, ಅಷ್ಟೇ, ಅರ್ಧ ತಲೆನೋವು ಹೋಯ್ತು.

ನಿಮ್ಮ ತಮ್ಮನನ್ನೂ ಹಾಗೆ ಕೇಳಿ. ದೂರ ಅಂದರೆ ಟ್ರಾನ್ಸ್‌ಫರ್ ಇದೆ, ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಎಆರ್‌ಟಿ ಸೆಂಟರ್ ಇದೆ, ಅಂದರೆ ದೊಡ್ಡ ಸೆಂಟರ್‌ಗೆ ಸೇರಿದ, ಮಾತ್ರೆ ಹತ್ತಿರದಲ್ಲೇ ಸಿಗುವ ಚಿಕ್ಕ ಕೇಂದ್ರ. ಸ್ಥಿರವಾಗಿದ್ದವರಿಗೆ ಒಂದೇ ಸಲಕ್ಕೆ ಮೂರು ತಿಂಗಳ ಮಾತ್ರೆ ಕೊಡುವುದೂ ಉಂಟು. ಮಾತ್ರೆಯಿಂದಲೇ ತೊಂದರೆ ಆಗಿದ್ದರೆ ಡಾಕ್ಟರ್‌ಗೆ ಹೇಳಲಿ. ನನಗೆ ಶುರುವಲ್ಲಿ ದಿನಕ್ಕೆ ಎರಡು ಸಲ ಇತ್ತು, ಈಗ ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. (ಗ್ಯಾಸ್ ಮಾತ್ರೆ ಜೊತೆಗೇ ನುಂಗಬಾರದು, ಎಷ್ಟು ಗಂಟೆ ಬಿಡಬೇಕು ಅಂತ ಫಾರ್ಮಸಿಯಲ್ಲಿ ಕೇಳಿಕೊಳ್ಳಲಿ.)

ಆರಾಮಾಗಿರುವುದು ಮಾತ್ರೆಯಿಂದ. ವೈರಸ್ ಮೈಯಲ್ಲಿ ಅಡಗಿ ಕೂತಿರುತ್ತೆ, ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತೆ. ಆದರೆ ಹೆದರಿಸಿದರೆ ಕೇಳುವುದಿಲ್ಲ. ಮದುವೆ ಮಾತು ಬಂದಾಗ ನನಗೆ ನಾಟಿದ್ದು ಇನ್ನೊಂದು ವಿಷಯ. ಬಿಡದೆ ತಗೊಂಡು, ವೈರಲ್ ಲೋಡ್ ಟೆಸ್ಟಲ್ಲಿ ವೈರಸ್ ಸಿಗದಷ್ಟು ಕಮ್ಮಿಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಹೆಂಡತಿಗೆ ಹರಡುವುದಿಲ್ಲ.

ಮೂರು ತಿಂಗಳು ಬಿಟ್ಟ ಅಂತ ಸೆಂಟರಲ್ಲಿ ವಾಪಸ್ ಕಳಿಸುವಂತಿಲ್ಲ. ಟೆಸ್ಟ್ ಮಾಡಿ ಮತ್ತೆ ಶುರು ಮಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮೊದಲು ಫೋನಲ್ಲಿ ಮಾತಾಡಬೇಕು ಅಂದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಲಿ. ಮೊದಲ ದಿನ ನೀವೂ ಜೊತೆಗೆ ಹೋಗಿ. ಒಳಗೆ ಬರಬೇಡ ಅಂದರೆ ಹೊರಗೆ ಟೀ ಅಂಗಡಿಯಲ್ಲಿ ಕೂತಿರಿ.