ಇಲ್ಲಿ ಅವ್ವ ಅಂದರೆ ಅಜ್ಜಿ

ಹುಬ್ಬಳ್ಳಿಯಿಂದ ಮುಳಬಾಗಿಲಿಗೆ ವರ್ಗವಾಗಿ ಬರುತ್ತಿದ್ದೀರಿ, ಎರಡೂವರೆ ವರ್ಷದ ಮಗ ಇದ್ದಾನೆ. ಅಂಗನವಾಡಿಗೆ ಕಳಿಸಬಹುದಾ, ಅಲ್ಲಿ ಮಾತು ಕನ್ನಡವಾ ತೆಲುಗಾ ಎಂದು ಕೇಳಿದ್ದೀರಿ. ಮೊದಲು ಒಂದು ಪದ ಹೇಳಿಬಿಡುತ್ತೇನೆ ಅಕ್ಕ. ನಿಮ್ಮ ಕಡೆ ಅವ್ವ ಅಂದರೆ ಹೆತ್ತ ತಾಯಿ. ನಮ್ಮ ಕಡೆ ತೆಲುಗು ಮನೆಗಳಲ್ಲಿ ಅವ್ವ ಅಂದರೆ ಅಜ್ಜಿ. ನಿಮ್ಮ ಮಗ ಅಂಗನವಾಡಿ ಬಾಗಿಲಲ್ಲಿ ನಿಂತು "ಅವ್ವ ಬೇಕು" ಎಂದು ಅತ್ತರೆ ಆಯಮ್ಮ ಅವನ ಅಜ್ಜಿ ಎಲ್ಲಿದ್ದಾರೆ ಎಂದು ನೋಡುತ್ತಾರೆ. ಇದನ್ನು ಮೊದಲ ದಿನವೇ ಟೀಚರ್‌ಗೆ ಹೇಳಿಡಿ.

ಕಳಿಸಿ. ಧಾರಾಳವಾಗಿ ಕಳಿಸಿ. ಆದರೆ ಬಾಗಿಲಲ್ಲಿ ಬಿಟ್ಟು ಹೋಗಬೇಡಿ, ನೀವೂ ಒಳಗೆ ಬಂದು ಕೂತುಕೊಳ್ಳಿ. ಯಾಕೆ ಅನ್ನೋದನ್ನು ಹೇಳೋದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮೂರು ಕೋಲಾರ ಜಿಲ್ಲೆ, ಮುಳಬಾಗಿಲು ತಾಲ್ಲೂಕಿನ ನಂಗಲಿ ಹತ್ತಿರ. ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಆಂಧ್ರ, ಆಮೇಲೆ ಪಲಮನೇರು. ಹೆಣ್ಣು ಕೊಡೋದು, ತರೋದು ಎಲ್ಲ ಗಡಿಯ ಆಚೆ ಈಚೆ ನಡೆಯುತ್ತದೆ. ನಾನು ಮಾಲೂರು ಕಡೆಯವಳು, ತವರಲ್ಲಿ ಕನ್ನಡ. ಗಂಡನ ಮನೆಯಲ್ಲಿ ತೆಲುಗು. ತೆಲುಗು ಮನೆ ಅಂದ ತಕ್ಷಣ ಆಂಧ್ರದಿಂದ ಬಂದವರು ಅಂದುಕೊಳ್ಳಬೇಡಿ. ಇವರೆಲ್ಲ ತಲೆಮಾರುಗಳಿಂದ ಈ ಮಣ್ಣಿನವರೇ. ಪಹಣಿ ಕನ್ನಡದಲ್ಲಿ, ಜೋಗುಳ ತೆಲುಗಿನಲ್ಲಿ. ಅಂಗಡಿಯಲ್ಲಿ ಒಂದು ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ, ಯಾರೂ ಅದನ್ನು ಗಮನಿಸುವುದೂ ಇಲ್ಲ.

ಇನ್ನು ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಬೆಳಗ್ಗೆ ಬೆಳಕಾಗುವ ಮೊದಲೇ ಹಾಲು ಕರೆದು ಡೇರಿಗೆ ಹಾಕಬೇಕು. ಟೊಮ್ಯಾಟೊ ಸೀಸನ್ ಇದ್ದರೆ ಕಾಯಿ ಕೀಳೋದಕ್ಕೆ ಹೋಗಬೇಕು. ಈಗಿನ ವಯಸ್ಸಿನ ಹೆಣ್ಣುಮಕ್ಕಳು ಎಷ್ಟೋ ಜನ ಫ್ಯಾಕ್ಟರಿ ಬಸ್ ಹತ್ತಿ ನರಸಾಪುರ, ವೇಮಗಲ್ ಕಡೆ ಹೋಗುತ್ತಾರೆ. ಹೊತ್ತಿಗೆ ಮುಂಚೆ ಹೋದವರು ವಾಪಸ್ ಬರುವಾಗ ಮಗು ನಿದ್ದೆ ಹೋಗಿರುತ್ತದೆ. ಹಾಗಾಗಿ ಮಗು ಅವ್ವನ ಕೈಯಲ್ಲಿ. ತಿನ್ನಿಸೋದು, ತೊಳೆಯೋದು, ಕಥೆ ಹೇಳೋದು, ಬೈಯೋದು ಎಲ್ಲ ಅವ್ವನೇ, ಎಲ್ಲ ತೆಲುಗಿನಲ್ಲೇ. ಆ ಮಗುವಿನ ಕಿವಿಗೆ ಕನ್ನಡ ನೆಟ್ಟಗೆ ಬೀಳೋದು ಅಂಗನವಾಡಿಯಲ್ಲಿ ಮೊದಲು.

ನಮ್ಮ ಟೀಚರ್ ಇದನ್ನು ಹೇಗೆ ಮಾಡುತ್ತಾರೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಕ್ಷೀರಭಾಗ್ಯದ ಹಾಲು ಕೊಡುವ ಹೊತ್ತು. ಮೂರು ವರ್ಷದ ಒಬ್ಬ ಹುಡುಗ ಲೋಟ ಹಿಡಿದು "ಪಾಲು, ಪಾಲು" ಅನ್ನುತ್ತಿದ್ದ. ತೆಲುಗಿನಲ್ಲಿ ಪಾಲು ಅಂದರೆ ಹಾಲು. ಹೊಸಬರಾದರೆ ಪಾಪ, ತನ್ನ ಪಾಲು ಕೇಳುತ್ತಿದ್ದಾನೆ ಅಂದುಕೊಳ್ಳಬೇಕು. ಟೀಚರ್ ಅವನನ್ನು ತಿದ್ದಲಿಲ್ಲ. ಲೋಟಕ್ಕೆ ಸುರಿಯುತ್ತಾ "ಪಾಲು ಬೇಕಾ? ತಗೋ, ಹಾಲು" ಅಂದರು. ಮತ್ತೆ ಸ್ವಲ್ಪ ಸುರಿದು "ಇನ್ನೂ ಬೇಕಾ ಹಾಲು?" ಅಂದರು. ಅಷ್ಟೇ. ವಾರ ಕಳೆಯೋದರಲ್ಲಿ ಅವನು ಅಲ್ಲಿ ಹಾಲು, ಮನೆಯಲ್ಲಿ ಪಾಲು ಅನ್ನೋದಕ್ಕೆ ಶುರು ಮಾಡಿದ್ದ. ಪುಲಿ ಹುಲಿಯಾಯಿತು, ಪಾಮು ಹಾವಾಯಿತು, ಪುವ್ವು ಹೂವಾಯಿತು. ಎರಡು ಭಾಷೆಯೂ ಅಕ್ಕತಂಗಿಯರು, ಒಂದರ ಬಾಗಿಲಿಂದ ಇನ್ನೊಂದಕ್ಕೆ ಹೋಗೋದು ಮಕ್ಕಳಿಗೆ ಕಷ್ಟವೇ ಅಲ್ಲ. ಒಂದೇ ಮಾತಿನಲ್ಲಿ ಎರಡನ್ನೂ ಬೆರೆಸುತ್ತವೆ, ನಿಜ. ಅದು ಗೊಂದಲ ಅಲ್ಲ, ಎರಡು ಭಾಷೆ ಕಲಿಯುವ ಎಲ್ಲ ಮಕ್ಕಳೂ ಹಾಗೇ ಮಾಡುತ್ತವೆ. ತಾನೇ ಬಿಡಿಸಿಕೊಳ್ಳುತ್ತವೆ.

ಇದು ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ದೊಡ್ಡ ಮಗಳ ವಿಷಯದಲ್ಲಿ ಆ ತಪ್ಪು ಆಗುತ್ತಿರಲಿಲ್ಲ.

ಅವಳಿಗೆ ಮೂರು ತುಂಬಿದಾಗ ಪೇಟೆಯ ಒಂದು ನರ್ಸರಿಗೆ ಸೇರಿಸಿದೆವು. ವ್ಯಾನ್ ಬರುತ್ತದೆ, ಟೈ ಇದೆ, ಇಂಗ್ಲಿಷ್ ಹೇಳಿಕೊಡುತ್ತಾರೆ ಅಂತ. ಮೊದಲ ಸಭೆಯಲ್ಲೇ "ಮನೆಯಲ್ಲಿ ಇಂಗ್ಲಿಷಲ್ಲೇ ಮಾತಾಡಿ, ಆಗದಿದ್ದರೆ ಕನ್ನಡ, ತೆಲುಗು ಮಾತ್ರ ಬೇಡ, ಅಜ್ಜಿಗೂ ಹೇಳಿ" ಎಂದರು. ನಾನು ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆಗೆ ಕನ್ನಡ ಅರ್ಥವಾಗುತ್ತದೆ, ಆದರೆ ಮಗುವಿನ ಜೊತೆ ಆಡುವಷ್ಟು ನಾಲಿಗೆ ಹೊರಳದು. ಅವರು ಒಂದು ಮಾತೂ ಎದುರಾಡಲಿಲ್ಲ. ಮಾತಾಡೋದನ್ನೇ ನಿಲ್ಲಿಸಿಬಿಟ್ಟರು.

ಅದಕ್ಕೆ ಮೊದಲು ಊಟ ಅಂದರೆ ನೋಡೋ ಹಾಗಿರುತ್ತಿತ್ತು. ಬಿಸಿ ಮುದ್ದೆಯನ್ನು ಗೋಲಿಯಷ್ಟು ಚಿಕ್ಕ ಚಿಕ್ಕ ಉಂಡೆ ಮಾಡಿ, ತುಪ್ಪ ಸವರಿ, ಮಸ್ಸೊಪ್ಪಿನಲ್ಲಿ ಅದ್ದಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಇದು ತಾತನಿಗೆ, ಇದು ಎಮ್ಮೆಗೆ, ಇದು ಬೇಲಿ ಮೇಲಿನ ಕಾಗೆಗೆ ಅಂತ ಹೆಸರು ಹೇಳಿ ಎಲ್ಲವನ್ನೂ ಮಗುವಿನ ಬಾಯಿಗೇ ಹಾಕುತ್ತಿದ್ದರು. ಮಗಳು ತನ್ನ ಸರದಿಯಲ್ಲಿ ಹೊಸ ಹೊಸ ಹೆಸರು ಸೇರಿಸುತ್ತಿದ್ದಳು. ಆ ಮಾತೆಲ್ಲ ನಿಂತುಹೋಯಿತು. ಅತ್ತೆ ಬಾಯಿ ತೆರೆ ಅಂತ ಕೈಸನ್ನೆ ಮಾಡೋರು. ಅವಳು ತೆರೆಯೋಳು. ಸುಮ್ನೆ ತಿನ್ನೋಳು. ನಾಲ್ಕು ತಿಂಗಳು ಹೀಗೇ ನಡೆಯಿತು, ನಾನು ಅದನ್ನು ಶಿಸ್ತು ಅಂದುಕೊಂಡಿದ್ದೆ.

ಅದನ್ನು ಗುರುತಿಸಿದ್ದು ಅಂಗನವಾಡಿ ಟೀಚರ್. ನಾನು ಎರಡನೆಯದಕ್ಕೆ ಬಸುರಿ, ಹೆಸರು ಬರೆದುಕೊಳ್ಳೋದಕ್ಕೆ ಮನೆಗೆ ಬಂದಿದ್ದರು. ಜಗುಲಿಯಲ್ಲಿ ಅಜ್ಜಿ ಮೊಮ್ಮಗಳು ಅಕ್ಕಪಕ್ಕ ಕೂತಿದ್ದರೂ ಮಾತಿಲ್ಲದ್ದನ್ನು ನೋಡಿ "ಯಾಕೆ ಮಾತಾಡಲ್ವಾ ಇಬ್ಬರೂ?" ಎಂದು ಕೇಳಿದರು. ಅತ್ತೆ ತೆಲುಗಿನಲ್ಲಿ ಹೇಳಿದರು, ಬೇಡ ಅಂದಿದ್ದಾರೆ ಅಂತ. ಟೀಚರ್ ನನ್ನನ್ನು ಬೈಯಲಿಲ್ಲ. "ಮಗು ಮಾತು ಕಲಿಯೋದು ತನ್ನನ್ನು ಮುದ್ದು ಮಾಡೋರ ಬಾಯಿಂದ ಕಣಮ್ಮಾ. ತೆಲುಗು ಮನೆಯಲ್ಲಿ ಗಟ್ಟಿಯಾಗಲಿ, ಕನ್ನಡ ನನಗೆ ಬಿಡು" ಅಂದರು. ನಾನು ಆ ರಾತ್ರಿ ಬಹಳ ಅತ್ತುಬಿಟ್ಟೆ. ಮುಂದಿನ ತಿಂಗಳು ಮಗಳನ್ನು ಅಂಗನವಾಡಿಗೆ ಹಾಕಿದೆವು.

ನಮ್ಮ ಜಿಲ್ಲೆಯಲ್ಲಿ ಇದು ಹೊಸ ಮಾತೇನೂ ಅಲ್ಲ. ನನ್ನ ತವರು ತಾಲ್ಲೂಕಿನವರೇ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಮನೆಮಾತು ತಮಿಳು, ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ತಂದರು. ಮನೆಯಲ್ಲಿ ಬೇರೆ ಭಾಷೆ ಇದ್ದರೆ ಕನ್ನಡ ಬರಲ್ಲ ಅಂತ ಯಾರಾದರೂ ಕೋಲಾರದಲ್ಲಿ ನಿಂತು ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಒಳಗೆ ಕೂರೋದನ್ನು ನಾನು ಕಲಿತದ್ದು ಊಟದ ನೆಪದಲ್ಲಿ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಅಂತ ಒಂದು ಯೋಜನೆ ಇದೆ. ಬಸುರಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟ, ಅಂಗನವಾಡಿಗೇ ಹೋಗಿ ಉಣ್ಣಬೇಕು. ಬಿಸಿಲಲ್ಲಿ ನಡೆಯಬೇಕು ಅಂತ ಎಷ್ಟೋ ಜನ ಹೋಗಲ್ಲ, ಅವರ ಕಷ್ಟ ನನಗೂ ಗೊತ್ತು. ನಮ್ಮ ಮನೆ ಹತ್ತಿರವಿತ್ತು, ಹೋದೆ. ದಿನಾ ಒಂದು ಗಂಟೆ ಆ ಕೋಣೆಯಲ್ಲಿ ಕೂತಾಗ ಗೊತ್ತಾಯಿತು ಒಬ್ಬ ಟೀಚರ್, ಒಬ್ಬ ಆಯಮ್ಮ ಏನೆಲ್ಲ ಮಾಡಬೇಕು ಅಂತ. ಅಡುಗೆ, ಹಾಲು, ತೂಕ, ಮಕ್ಕಳ ಲೆಕ್ಕವನ್ನೆಲ್ಲ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬೋದು, ಮನೆ ಭೇಟಿ, ಚುಚ್ಚುಮದ್ದಿನ ದಿನ ಮಕ್ಕಳನ್ನು ಸೇರಿಸೋದು. ಇದರ ನಡುವೆ ಹಾಡು, ಕಥೆ, ಬಣ್ಣ, ಆಟ. ಎರಡು ಜೊತೆ ಕೈಗೆ ಅಷ್ಟೂ ಆಗಲ್ಲ. ಮನೆಯವರು ಒಳಗೆ ಬಂದರೆ ಮಾತ್ರ ಆ ಆಟಪಾಠಕ್ಕೆ ಹೊತ್ತು ಸಿಗುತ್ತದೆ.

ಅಂಗನವಾಡಿ ನೋಡಿಕೊಳ್ಳೋದಕ್ಕೆ ಕಾಗದದ ಮೇಲೆ ಬಾಲವಿಕಾಸ ಸಮಿತಿ ಅಂತ ಇದೆ, ಅದರಲ್ಲಿ ತಾಯಂದಿರು ಇರುತ್ತಾರೆ. ಸಭೆಗೆ ಹೋಗಿ ಸಹಿ ಹಾಕಿ ಬಂದುಬಿಡೋದು ಜಾಸ್ತಿ. ಅದನ್ನು ನಾನು ಭಾಗವಹಿಸೋದು ಅಂತ ಒಪ್ಪಲ್ಲ.

ನಮ್ಮಲ್ಲಿ ನಿಜವಾಗಿ ಶುರುವಾದದ್ದು ಅವರೆಕಾಯಿಯಿಂದ. ಡಿಸೆಂಬರ್, ಜನವರಿ ಬಂದರೆ ಈ ಕಡೆ ಯಾವ ಜಗುಲಿ ನೋಡಿದರೂ ಅವರೆಕಾಯಿ ಸುಲಿಯುತ್ತಿರುತ್ತಾರೆ. ಒಂದು ಶನಿವಾರ ನಮ್ಮ ಅತ್ತೆ ಮೊಮ್ಮಗಳನ್ನು ಬಿಡೋದಕ್ಕೆ ಹೋದವರು ಕೈಯಲ್ಲಿದ್ದ ಕಾಯಿ ಚೀಲದ ಸಮೇತ ಗೋಡೆಗೆ ಒರಗಿ ಅಲ್ಲೇ ಕೂತುಬಿಟ್ಟರು. ಮಕ್ಕಳು ಸುತ್ತ ಸೇರಿದವು. ಅತ್ತೆ ಕಾಯಿಯ ಹೊಲಿಗೆ ಬಿಡಿಸಿ ತೋರಿಸಿದರು. ಪುಟ್ಟ ಬೆರಳುಗಳು ಒಂದೊಂದು ಕಾಯಿಯ ಜೊತೆ ಹೋರಾಡುತ್ತಿದ್ದವು, ನಾಲಿಗೆ ತುಟಿಯಿಂದ ಆಚೆ ಬಂದಿತ್ತು. ಅತ್ತೆ ಒಕಟಿ, ರೆಂಡು, ಮೂಡು ಅಂತ ಕಾಳು ಎಣಿಸಿದರೆ ಟೀಚರ್ ಹಿಂದೆಯೇ ಒಂದು, ಎರಡು, ಮೂರು ಅನ್ನೋರು. ಮಕ್ಕಳು ಎರಡನ್ನೂ ಕೂಗಿದವು. ಅವತ್ತು ಮಧ್ಯಾಹ್ನದ ಸಾರಿಗೆ ಅದೇ ಕಾಳು ಬಿತ್ತು. ನಾನು ಸುಲಿದದ್ದು ಅಂತ ಎಲ್ಲರೂ ತಟ್ಟೆಯಲ್ಲಿ ಹುಡುಕಿ ತಿಂದರು. ಬೆರಳಿಗೆ ಬಲ, ಎಣಿಕೆ, ಎರಡು ಭಾಷೆ, ಊಟ ಎಲ್ಲ ಒಂದೇ ಚೀಲದಿಂದ ಬಂತು. ಒಂದು ಎಚ್ಚರ ಮಾತ್ರ ಬೇಕು. ಇದು ಮೂಗಿಗೆ ಕಾಳು ತುರುಕಿಕೊಳ್ಳುವ ವಯಸ್ಸು. ಒಬ್ಬ ದೊಡ್ಡವರು ಕಣ್ಣು ತೆಗೆಯದೆ ನೋಡುತ್ತಿರಬೇಕು.

ಅಲ್ಲಿಂದ ಶನಿವಾರ ಒಬ್ಬರಲ್ಲ ಒಬ್ಬರು ಅವ್ವ ಬರುವುದು ರೂಢಿಯಾಯಿತು. ಅಪ್ಪಂದಿರು ಬರೋದು ಕಡಿಮೆ. ಆದರೂ ಒಬ್ಬರು ಟೊಮ್ಯಾಟೊ ಕ್ರೇಟುಗಳನ್ನು ತೊಳೆದು ತಂದು ಒಂದರ ಮೇಲೊಂದು ಕಟ್ಟಿ ಆಟದ ಸಾಮಾನಿಗೆ ಗೂಡು ಮಾಡಿಕೊಟ್ಟರು. ಅದು ಈಗಲೂ ಇದೆ.

ನೀರಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕೋಲಾರದ ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ಕೆಲವು ಕಡೆ ಮೀರುತ್ತದೆ. ಮಕ್ಕಳ ಶಾಶ್ವತ ಹಲ್ಲು ವಸಡಿನೊಳಗೆ ತಯಾರಾಗುವುದು ಈ ವಯಸ್ಸಿನಲ್ಲೇ. ಈಗ ಕುಡಿದ ನೀರಿನ ಕಲೆ ಹಲ್ಲು ಬಂದಾಗ ಕಾಣುತ್ತದೆ, ಆಮೇಲೆ ತೊಳೆದರೆ ಹೋಗಲ್ಲ. ಕುದಿಸಿದರೂ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಇರೋದು. ನಮ್ಮ ಅಂಗನವಾಡಿಗೆ ತಾಯಂದಿರೇ ಪಾಳಿ ಹಾಕಿಕೊಂಡು ದಿನಕ್ಕೊಬ್ಬರು ಒಂದು ಕ್ಯಾನ್ ತುಂಬಿಸಿ ತಂದಿಡುತ್ತೇವೆ. ಕ್ಯಾನ್ ಇಡೋದಕ್ಕೆ ಒಳಗೆ ಹೋದವರು ಐದು ನಿಮಿಷ ನಿಲ್ಲುತ್ತಾರೆ, ಮಕ್ಕಳನ್ನು ನೋಡುತ್ತಾರೆ, ಟೀಚರ್ ಜೊತೆ ನಾಲ್ಕು ಮಾತಾಡುತ್ತಾರೆ. ಸಭೆಗಿಂತ ಆ ಐದು ನಿಮಿಷಕ್ಕೆ ಬೆಲೆ ಜಾಸ್ತಿ.

ಈಗ ನಿಮ್ಮ ಮಗನ ಲೆಕ್ಕ. ಅವನಿಗೆ ಇನ್ನೂ ಮೂರು ತುಂಬಿಲ್ಲ, ಹಾಗಾಗಿ ಆಹಾರ ಮನೆಗೆ ಕೊಡುತ್ತಾರೆ. ಮೂರು ತುಂಬಿದ ಮೇಲೆ ಅಲ್ಲೇ ಕೂತು ಊಟ, ಹಾಲು, ವಾರಕ್ಕೆ 2 ದಿನ ಮೊಟ್ಟೆ. ಬಂದ ವಾರದಲ್ಲೇ ಹೆಸರು ಬರೆಸಿ. ತಾಯಿ ಕಾರ್ಡ್ ಮರೆಯದೆ ತನ್ನಿ. 16ರಿಂದ 24 ತಿಂಗಳೊಳಗಿನ ಚುಚ್ಚುಮದ್ದು ಆಗಿದೆಯಾ ಅಂತ ಅದರಲ್ಲಿ ನೋಡುತ್ತಾರೆ. ವಿಟಮಿನ್ ಎ 5 ವರ್ಷದವರೆಗೆ 6 ತಿಂಗಳಿಗೊಮ್ಮೆ. ಜಂತುಹುಳದ ಮಾತ್ರೆಯನ್ನು ಅವನ ವಯಸ್ಸಿಗೆ ಪುಡಿ ಮಾಡಿ ಕೊಡಬೇಕು. ತೂಕ ಹಾಕುವಾಗ ಪಕ್ಕದಲ್ಲಿ ನಿಂತು ಚಾರ್ಟ್ ತೋರಿಸಿ ಅಂತ ಕೇಳಿ. ಗೆರೆ ಹಸಿರಲ್ಲಿದೆಯಾ, ಹೋದ ತಿಂಗಳಿಗಿಂತ ಏರಿದೆಯಾ ಅಂತ ನೋಡಿಕೊಳ್ಳೋದು ನಮ್ಮ ಹಕ್ಕು, ಟೀಚರ್‌ಗೂ ಅದರಿಂದ ಖುಷಿ. ನೀವಿಬ್ಬರೂ ಕೆಲಸಕ್ಕೆ ಹೋಗೋರಾದರೆ ನಿಮ್ಮ ಕಡೆಯ ಅಜ್ಜಿಯನ್ನು ಒಂದೆರಡು ತಿಂಗಳಾದರೂ ಜೊತೆಗೆ ಕರೆತನ್ನಿ.

ಮೊದಲ ವಾರ ಅವನ ಜೊತೆ ಗೋಡೆ ಬದಿಗೆ ಕೂತಿರಿ. ಎದ್ದು ಹೋಗುವಾಗ ಕದ್ದು ಹೋಗಬೇಡಿ, ಹೋಗಿ ಬರ್ತೀನಿ ಅಂತ ಹೇಳಿಯೇ ಹೋಗಿ. ಅಳುತ್ತಾನೆ, ಅಳಲಿ. ಹೇಳಿದ ಹೊತ್ತಿಗೆ ಸರಿಯಾಗಿ ವಾಪಸ್ ಬನ್ನಿ. ನಿಮ್ಮ ಮನೆಯಲ್ಲಿ ನಿಮ್ಮ ಹುಬ್ಬಳ್ಳಿ ಕನ್ನಡವನ್ನೇ ಆಡಿ, ಇಲ್ಲಿಯವರ ಹಾಗೆ ಮಾತಾಡಬೇಕು ಅಂತ ತಿದ್ದಿಕೊಳ್ಳಬೇಡಿ. ಅವನು ಎರಡು ತಿಂಗಳಲ್ಲಿ ತೆಲುಗು ಎತ್ತಿಕೊಂಡು ಮನೆಗೆ ಬರುತ್ತಾನೆ. ಬೇಡ ಅನ್ನಬೇಡಿ, ಅದೇನು ಅಂತ ಅವನಿಂದಲೇ ಕೇಳಿ ಕಲಿಯಿರಿ.

ಶನಿವಾರ ಬಿಡುವಾದರೆ ನಮ್ಮೂರಿಗೆ ಬನ್ನಿ. ಅತ್ತೆ ಈಗಲೂ ಅಂಗನವಾಡಿಗೆ ಹೋಗುತ್ತಾರೆ. ದೊಡ್ಡವಳು ಈಗ ಶಾಲೆಗೆ ಹೋಗುತ್ತಾಳೆ, ಅರ್ಧ ದಿನ ಮುಗಿಸಿ ಬಂದು ಅವ್ವನ ಪಕ್ಕ ಕೂರುತ್ತಾಳೆ. ಅವ್ವ ತೆಲುಗಿನಲ್ಲಿ ಕಾಗೆಯ ಕಥೆ ಹೇಳುತ್ತಾ ಹೋದ ಹಾಗೆ ಇವಳು ಚಿಕ್ಕವರಿಗೆ ಅದನ್ನು ಕನ್ನಡದಲ್ಲಿ ಹೇಳುತ್ತಾಳೆ. ನಿಮ್ಮ ಮಗನಿಗೂ ಅಲ್ಲಿ ಜಾಗ ಇದೆ.