ಹೈಸ್ಕೂಲಿನಲ್ಲಿ ಇಷ್ಟಪಟ್ಟವರು ಇಪ್ಪತ್ತು ವರ್ಷದ ನಂತರ ಮತ್ತೆ ಸಿಕ್ಕರೆ, ಚಿಕ್ಕ ಊರಿನಲ್ಲಿ ಮುಂದುವರಿಯಬಹುದಾ?

ಮುಂದುವರಿಯಬಹುದು. ಆದರೆ ಹೈಸ್ಕೂಲಿನ ನೆನಪನ್ನು ನಂಬಿಕೊಂಡು ಅಲ್ಲ.

ಇಬ್ಬರಿಗೂ ನಲವತ್ತರ ಹತ್ತಿರ, ಇಬ್ಬರೂ ಈಗ ಒಂಟಿ, ಜನ ಏನಂತಾರೋ ಅಂತ ಹೆದರಿಕೆ ಎಂದು ಬರೆದಿದ್ದೀರಿ. ನಾನೂ ಇದೇ ದಾರಿಯಲ್ಲಿ ಹೋದವಳು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ಕಾಸರಗೋಡು ಜಿಲ್ಲೆ, ಬದಿಯಡ್ಕದ ಕಡೆ. ಕನ್ನಡ ಮೀಡಿಯಂ, 2001ರಲ್ಲಿ ಎಸ್ಸೆಸ್ಸೆಲ್ಸಿ. ಆಗಿನ ಪ್ರೀತಿ ಅಂದ್ರೆ ಎಂತದ್ದು? ಗಣಿತದ ಗೈಡ್ ಒಬ್ಬರಿಂದ ಒಬ್ಬರಿಗೆ ಹೋಗೋದು. ಮನೆಯವರ ಜೊತೆ ಕುಂಬಳೆ ಬೆಡಿಗೆ, ಅಂದ್ರೆ ಅಲ್ಲಿನ ಜಾತ್ರೆಯ ಪಟಾಕಿ ನೋಡೋದಕ್ಕೆ ಹೋದಾಗ ಆ ಜನಸಂದಣಿಯಲ್ಲಿ ಅವನೆಲ್ಲಿದ್ದಾನೆ ಅಂತ ಹುಡುಕೋದು. ಅಷ್ಟೇ.

ನಮ್ಮನ್ನು ಬೇರೆ ಮಾಡಲು ಯಾವ ವಿಲನ್ನೂ ಬರಲಿಲ್ಲ. ಇಲ್ಲಿ ಕನ್ನಡದಲ್ಲಿ ಓದಿದ ಮಕ್ಕಳಿಗೆ ಹತ್ತನೇ ಕ್ಲಾಸು ಮುಗಿದ ಕೂಡಲೇ ದಾರಿ ಕವಲೊಡೆಯುತ್ತದೆ. ಕೆಲವರು ಇಲ್ಲೇ ಪ್ಲಸ್ ಟು ಸೇರುತ್ತಾರೆ, ಕೆಲವರು ಗಡಿ ದಾಟಿ ಮಂಗಳೂರಿಗೋ ಪುತ್ತೂರಿಗೋ ಪಿಯುಸಿಗೆ ಹೋಗುತ್ತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಗ್ಗೆ ಭಾಷಣಗಳನ್ನು ಕೇಳಿಯೇ ಬೆಳೆದವರು ನಾವು. ಆದರೆ ಗಡಿ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಆ ಜೂನ್‌ನಲ್ಲಿ. ಅವನು ಪುತ್ತೂರಿನ ಅತ್ತೆ ಮನೆಗೆ ಹೋದ. ಮೊಬೈಲ್ ಇರಲಿಲ್ಲ. ನಮ್ಮ ಮನೆಯ ಲ್ಯಾಂಡ್‌ಲೈನ್ ಇದ್ದದ್ದು ಅಜ್ಜನ ಕುರ್ಚಿಯ ಪಕ್ಕದಲ್ಲಿ. ಮುಗೀತು ಕಥೆ.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. ನನ್ನ ಬೆಂಗಳೂರಿನ ಮದುವೆ ಮುರಿಯಿತು. ಊರಿಗೆ ಬಂದು, ಕೇರಳದ ಪಿಎಸ್‌ಸಿ ಪರೀಕ್ಷೆ ಬರೆದು, ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಟೀಚರ್ ಆದೆ. ಅವನ ಹೆಂಡತಿ ತೀರಿಕೊಂಡಿದ್ದರು, ಒಬ್ಬಳು ಮಗಳಿದ್ದಳು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತಲ್ಲ, ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದರು. ಗಡಿಯ ಎಷ್ಟೋ ರಸ್ತೆಗಳಿಗೆ ಮಣ್ಣು ಸುರಿದರು. ಕಾಸರಗೋಡಿನ ನಮಗೆ ದೊಡ್ಡಾಸ್ಪತ್ರೆ ಅಂದ್ರೆ ಮಂಗಳೂರೇ. ಅಮ್ಮನ ಒಂದು ಮಾತ್ರೆ ಇಲ್ಲಿ ಯಾವ ಮೆಡಿಕಲ್‌ನಲ್ಲೂ ಸಿಗಲಿಲ್ಲ. ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಡಾಕ್ಟರ ಚೀಟಿಯ ಫೋಟೋ ಹಾಕಿದೆ. ಅವನು ಮಂಗಳೂರಿನಲ್ಲಿ ಔಷಧಿಯ ಹೋಲ್‌ಸೇಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ತರಕಾರಿ ಲಾರಿಯ ಡ್ರೈವರ್ ಕೈಯಲ್ಲಿ ಕಟ್ಟು ಬಂತು. ಒಳಗೆ ಮಾತ್ರೆ, ಬಿಲ್ಲು, ಒಂದು ಚೀಟಿ. "ಬೆಳಗ್ಗಿನ ಮಾತ್ರೆಗೆ ಕೆಂಪು ಗೆರೆ ಹಾಕಿದ್ದೇನೆ. ದುಡ್ಡು ಗೂಗಲ್ ಪೇ ಮಾಡು." ಹಳೇದರ ಬಗ್ಗೆ ಒಂದಕ್ಷರ ಇಲ್ಲ.

ನನಗೆ ಅವನು ಇಷ್ಟವಾದದ್ದು ಆಗ. ದುಡ್ಡು ಬೇಡ ಅಂದಿದ್ದರೆ ಅದು ಋಣವಾಗಿ ಕೂರುತ್ತಿತ್ತು. ಮುಂದಿನ ತಿಂಗಳು ಮಾತ್ರೆ ಕೇಳೋದಕ್ಕೇ ಮುಜುಗರ ಆಗುತ್ತಿತ್ತು. ಗೈಡ್ ಕೊಡುತ್ತಿದ್ದ ಹುಡುಗನನ್ನು ನಾನು ಮದುವೆಯಾಗಿಲ್ಲ. ಕೆಂಪು ಗೆರೆ ಹಾಕಿ ಬಿಲ್ಲು ಕಳಿಸಿದವನನ್ನು ಆದದ್ದು.

ನಿಮಗೂ ಅದನ್ನೇ ಹೇಳೋದು. ಈಗಿನ ಮನುಷ್ಯ ಹೇಗೆ ಅಂತ ನೋಡಿ. ಸಾಲ ಎಷ್ಟಿದೆ ಅಂತ ಕೇಳಿ. ನಾನು ಕೇಳಿದ್ದೆ, ಅವನೂ ಕೇಳಿದ. ಮಗಳ ಜೊತೆ, ವಯಸ್ಸಾದವರ ಜೊತೆ ಹೇಗಿರುತ್ತಾರೆ ನೋಡಿ. ಹಳೇ ಕ್ಲಾಸ್‌ಮೇಟ್‌ಗಳ ಮಾತಿಗೆ ಮಾತ್ರ ಕುಣಿಯಬೇಡಿ, ಮಾರಾಯ್ರೇ. ನಮ್ಮಿಬ್ಬರಿಗಿಂತ ಜಾಸ್ತಿ ಅರ್ಜೆಂಟ್ ಅವರಿಗಿತ್ತು!

ಇನ್ನು ಊರಿನ ಮಾತು. ಕದ್ದು ಭೇಟಿಯಾದರೆ ಮಾತ್ರ ಅದಕ್ಕೆ ರುಚಿ. ನಾನು ಮೊದಲು ಅಮ್ಮನಿಗೆ ಹೇಳಿದೆ. "ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಾತಾಡೋದು ಬೇಡ, ಮನೆಗೇ ಬರಲಿ, ಚಾ ಕುಡಿದು ಹೋಗಲಿ" ಅಂದರು. ಆಮೇಲೆ ಬೇಕೆಂದೇ ಸೋದರಮಾವನಿಗೆ ಹೇಳಿದೆ. ಮಾವನಿಗೆ ಹೇಳಿದರೆ ಬದಿಯಡ್ಕ ಪೇಟೆಗೇ ಹೇಳಿದ ಹಾಗೆ. ಒಂದಷ್ಟು ದಿನ ಮಾತಾಡಿದರು. ಮತ್ತೆ ಅಡಿಕೆಗೆ ರೇಟ್ ಬಂತು, ಅದರ ಬಗ್ಗೆ ಮಾತಾಡಿದರು.

ನಮ್ಮಿಬ್ಬರದು ಬೇರೆ ಬೇರೆ ಜಾತಿ. ಯಾರ ಕ್ರಮದಲ್ಲಿ ಮದುವೆ ಅನ್ನೋ ಜಗಳವೇ ಬೇಡ ಅಂತ ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ರಿಜಿಸ್ಟರ್ ಮದುವೆ ಮಾಡಿಕೊಂಡೆವು. ಇದರಲ್ಲಿ ಇಬ್ಬರಲ್ಲಿ ಒಬ್ಬರಾದರೂ ಮದುವೆಯ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಕನಿಷ್ಠ 30 ದಿನ ಇದ್ದಿರಬೇಕು. ನೋಟಿಸ್ ಕೊಟ್ಟ ಮೇಲೆ ಇನ್ನೂ 30 ದಿನ ಕಾಯಬೇಕು. ಆ ನೋಟಿಸನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನಲ್ಲಿ ಅಂಟಿಸುತ್ತಾರೆ. ಜಾಗದ ರಿಜಿಸ್ಟ್ರಿಗೆ ಬಂದವರೆಲ್ಲ ನಿಂತು ಓದುತ್ತಾರೆ, ಓದಲಿ. ಜಾತಿ ಬೇರೆ ಅನ್ನೋದು ಆಕ್ಷೇಪಕ್ಕೆ ಕಾರಣವೇ ಅಲ್ಲ. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ನಮಗೆ ಸಾಕ್ಷಿಗೆ ಬರವಿರಲಿಲ್ಲ, ಮಾವನೇ ಮೊದಲ ಸಹಿ.

ನಿಜವಾಗಿ ತಲೆಬಿಸಿ ಆದದ್ದು ಎಲ್ಲಿ ಇರೋದು ಅಂತ. ನನ್ನ ಕೆಲಸ ಕೇರಳ ಸರ್ಕಾರದ್ದು, ಗಡಿಯಾಚೆಗೆ ಟ್ರಾನ್ಸ್‌ಫರ್ ಇಲ್ಲ. ಅವನ ಕೆಲಸ ಮಂಗಳೂರಿನಲ್ಲಿ, ಮಗಳ ಶಾಲೆಯೂ ಅಲ್ಲೇ. ಕೊನೆಗೆ ಗಡಿಯ ಈಚೆಗೇ ಇರುವ ಉಪ್ಪಳದಲ್ಲಿ ಬಾಡಿಗೆ ಮನೆ ಹಿಡಿದೆವು. ಅಪ್ಪ ಮಗಳು ಬೆಳಗ್ಗೆ ರೈಲಿಗೆ ಹೋಗುತ್ತಾರೆ, ನಾನು ಬಸ್ಸಿಗೆ. ಸಂಜೆ ರೈಲು ಲೇಟಾದರೆ ಅಡುಗೆ ನನ್ನದು, ಇಲ್ಲದಿದ್ದರೆ ಅವನದು. ಪ್ರೀತಿ ಮತ್ತೆ ಶುರುವಾಗೋದು ಇದ್ದದ್ದರಲ್ಲಿ ಸುಲಭ. ಈ ಓಡಾಟವನ್ನು ಹೊಂದಿಸೋದಕ್ಕೆ ನಮಗೆ ಜಾಸ್ತಿ ಸಮಯ ಹಿಡಿಯಿತು. ಮನೆ ಎಲ್ಲಿ, ಯಾರ ಕೆಲಸ ಬದಲಾಗಬೇಕು ಅಂತ ನೀವು ಈಗಲೇ ಕೂತು ಮಾತಾಡಿ.

ನಿಮ್ಮಲ್ಲಿ ಯಾರಿಗಾದರೂ ಡೈವೋರ್ಸ್ ಆಗಿದ್ದರೆ, ಡಿಕ್ರಿಯ (ಕೋರ್ಟಿನ ಡೈವೋರ್ಸ್ ಆದೇಶದ) ಸರ್ಟಿಫೈಡ್ ಕಾಪಿ ತೆಗೆದಿಟ್ಟುಕೊಳ್ಳಿ. ಅಪೀಲಿನ ಅವಧಿ ಮುಗಿದಿದೆಯಾ ಅಂತ ವಕೀಲರನ್ನು ಕೇಳಿ, ಆಮೇಲೆ ನೋಟಿಸ್ ಕೊಡಿ.