ಇಂಗ್ಲಿಷ್‌ನಲ್ಲಿ ‘ಎ’, ‘ದಿ’ ಎಲ್ಲಿ ಹಾಕಬೇಕು? ಇಂಗ್ಲಿಷಿಗೆ ವಿಭಕ್ತಿ ಇಲ್ಲವೇ?

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಿಮಗೆ ಕಚೇರಿಯ ಪತ್ರ ಬರೆಯುವಾಗ ‘ಎ’, ‘ದಿ’ ಬಂದಲ್ಲೆಲ್ಲ ಕೈ ನಿಲ್ಲುತ್ತದೆ ಎಂದಿದ್ದೀರಿ. ಜೊತೆಗೆ, ನಮಗಿರುವಂತೆ ಇಂಗ್ಲಿಷಿಗೂ ವಿಭಕ್ತಿ ಇದೆಯೇ ಎಂದೂ ಕೇಳಿದ್ದೀರಿ. ನಾನೂ ಕನ್ನಡ ಮಾಧ್ಯಮದವನೇ, ಈಗ ಅನುವಾದದಿಂದ ಹೊಟ್ಟೆ ಹೊರೆಯುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ಮೊದಲನೆಯದರ ಉತ್ತರ ಅಡಗಿದೆ, ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ.

ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಶಾಲೆಯಲ್ಲಿ ರಾಗವಾಗಿ ಒಪ್ಪಿಸಿದ್ದು ನೆನಪಿರಬೇಕು. ‘ಮುಂಗುಸಿ ಹಾವನ್ನು ಕೊಂದಿತು’ ಎನ್ನಿ, ‘ಹಾವನ್ನು ಮುಂಗುಸಿ ಕೊಂದಿತು’ ಎನ್ನಿ, ಸಾಯುವುದು ಹಾವೇ. ‘ಅನ್ನು’ ಎಂಬುದು ಹಾವಿನ ಬಾಲಕ್ಕೆ ಅಂಟಿಕೊಂಡಿರುವುದರಿಂದ ಪದ ಎಲ್ಲಿ ಕುಳಿತರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ‘ದಿ ಮಂಗೂಸ್ ಕಿಲ್ಡ್ ದಿ ಸ್ನೇಕ್’ ಎಂಬಲ್ಲಿ ಎರಡು ಪ್ರಾಣಿಗಳ ಜಾಗ ಅದಲುಬದಲಾದರೆ ಮುಂಗುಸಿಯೇ ಸತ್ತುಹೋಗುತ್ತದೆ. (‘ಮಂಗೂಸ್’ ಅವರಿಗೆ ಮರಾಠಿಯಿಂದ ಸಿಕ್ಕ ಪದ, ನಮ್ಮ ಮುಂಗುಸಿಯ ನಂಟ.) ನಮ್ಮಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಪದದ ಸ್ಥಾನ ಮಾಡುತ್ತದೆ.

ಆದರೆ ಇಂಗ್ಲಿಷಿಗೂ ಒಂದು ಕಾಲದಲ್ಲಿ ವಿಭಕ್ತಿ ಇತ್ತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ರಾಜನಿಗೆ ‘ಕ್ಯುನಿಂಗ್’ ಎನ್ನುತ್ತಿದ್ದರು. ‘ಸೆ ಕ್ಯುನಿಂಗ್’ ಎಂದರೆ ರಾಜನು, ‘ಥೋನೆ ಕ್ಯುನಿಂಗ್’ ಎಂದರೆ ರಾಜನನ್ನು. ಗಮನಿಸಿ, ಎರಡರಲ್ಲೂ ‘ಕ್ಯುನಿಂಗ್’ ಹಾಗೆಯೇ ಇದೆ, ಬದಲಾದದ್ದು ಅದರ ಮುಂದಿನ ಪುಟ್ಟ ಪದ. ಇಂದಿನ ‘ದಿ’ ಆ ಪುಟ್ಟ ಪದದ ಮನೆತನದ್ದು. ಅಂದರೆ ನಮ್ಮ ನಾಮಪದ ಬಾಲದಲ್ಲಿ ಹೊರುವ ಭಾರವನ್ನು ಅವರ ನಾಮಪದ ಆಗಲೇ ತಲೆಯ ಕಡೆಗೂ ಹೊರಿಸಿತ್ತು. ಮುಂದಿನ ಶತಮಾನಗಳಲ್ಲಿ ಒತ್ತಿಲ್ಲದ ಪದಾಂತ್ಯಗಳು ಸವೆದುಹೋದವು. ಉಳಿದದ್ದು ‘ಹಿ, ಹಿಮ್, ಹಿಸ್’ ತರಹದ ಸರ್ವನಾಮಗಳಲ್ಲಿ, ಮತ್ತೆ ‘ರಾಮಾಸ್ ಬುಕ್’ ಎಂಬಲ್ಲಿನ ‘ಸ್’ನಲ್ಲಿ. ಈ ‘ಸ್’ ಹಳೆಯ ಷಷ್ಠಿಯ ‘ಎಸ್’ ಪ್ರತ್ಯಯದ ಪಳೆಯುಳಿಕೆ.

ಈಗ ಡಿಟರ್ಮಿನರ್‌ಗೆ ಬರೋಣ. ‘ಎ’, ‘ದಿ’, ‘ದಿಸ್’, ‘ಮೈ’, ‘ಎವ್ರಿ’, ‘ಸಮ್’ ಎಲ್ಲವೂ ಆ ಜಾತಿಯವೇ, ನಾಮಪದದ ಮುಂದೆ ನಿಂತು ಯಾವುದು, ಯಾರದು, ಎಷ್ಟು ಎಂದು ತಿಳಿಸುವವು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಅರ್ಜಿಯಲ್ಲಿ ‘ಮೈ ದಿಸ್ ರಿಕ್ವೆಸ್ಟ್’ ಎಂದು ಬರೆದಿದ್ದೆ. ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಗೀಟು ಎಳೆದರು, ಕಾರಣ ಹೇಳಲಿಲ್ಲ. ‘ನನ್ನ ಈ ಕೋರಿಕೆ’ ಎಂಬುದರಲ್ಲಿ ಏನು ತಪ್ಪು ಎಂದು ತಿಂಗಳುಗಟ್ಟಲೆ ಒಳಗೊಳಗೇ ಕೊರಗಿದೆ. ಕನ್ನಡದಲ್ಲಿ ಏನೂ ತಪ್ಪಿಲ್ಲ. ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಇಂಥ ಪದಗಳಿಗೆ ಇರುವುದು ಒಂದೇ ಕುರ್ಚಿ. ‘ಮೈ’ ಕೂತರೆ ‘ದಿಸ್’ ಏಳಬೇಕು, ‘ದಿಸ್’ ಕೂತರೆ ‘ಮೈ’ ಹಿಂದೆ ಹೋಗಿ ‘ದಿಸ್ ರಿಕ್ವೆಸ್ಟ್ ಆಫ್ ಮೈನ್’ ಆಗಬೇಕು. ‘ಆಲ್’, ‘ಬೋತ್’ ತರಹದ ಕೆಲವು ಮಾತ್ರ ಕುರ್ಚಿಯ ಮುಂದೆ ನಿಂತುಕೊಳ್ಳುತ್ತವೆ, ಎರಡು ಮೂರು ಎಂಬ ಸಂಖ್ಯೆಗಳು ಹಿಂದೆ ನಿಲ್ಲುತ್ತವೆ.

ಇನ್ನೊಂದು ಕಟ್ಟಳೆಯಿದೆ, ನಾವು ಎಡವುವುದು ಹೆಚ್ಚಾಗಿ ಇಲ್ಲೇ: ಎಣಿಸಬಹುದಾದ ನಾಮಪದ ಏಕವಚನದಲ್ಲಿದ್ದರೆ ಆ ಕುರ್ಚಿ ಖಾಲಿ ಇರಕೂಡದು. ‘ಹಸು ಕೊಂಡೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅಲ್ಲಿ ‘ಎ ಕೌ’ ಅಥವಾ ‘ದಿ ಕೌ’ ಅಥವಾ ‘ಮೈ ಕೌ’ ಎನ್ನಲೇಬೇಕು. ಪತ್ರ ಬರೆದು ಮುಗಿಸಿದ ಮೇಲೆ ಏಕವಚನದ ನಾಮಪದಗಳನ್ನಷ್ಟೇ ಒಮ್ಮೆ ಬೆರಳಿಟ್ಟು ನೋಡಿ, ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಹಾಗಾದರೆ ‘ಎ’ ಯಾವಾಗ, ‘ದಿ’ ಯಾವಾಗ? ವ್ಯಾಕರಣ ಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ನಿಯಮಗಳಿವೆ. ನನಗೆ ಅವು ಯಾವತ್ತೂ ತಲೆಗೆ ಹತ್ತಲಿಲ್ಲ, ಹತ್ತಿದ್ದು ಅಜ್ಜಿಯ ಕಥೆ. ‘ಒಂದು ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಆ ಮುದುಕಿಗೆ ಒಂದು ಕೋಳಿ ಇತ್ತು. ಆ ಕೋಳಿ ಕೂಗಿದರೇ ಬೆಳಗಾಗುವುದು ಎಂದು ಅವಳ ನಂಬಿಕೆ.’ ಮೊದಲ ಸಲ ಬಂದಾಗ ಒಂದು, ಒಬ್ಬ. ಕೇಳುವವನಿಗೆ ಪರಿಚಯವಾದ ಮೇಲೆ ಆ. ಮೊದಲನೆಯದು ‘ಎ’, ಎರಡನೆಯದು ‘ದಿ’. ಇದು ಬರೀ ಹೋಲಿಕೆಯಲ್ಲ. ‘ಎ’, ‘ಆ್ಯನ್’ ಹುಟ್ಟಿದ್ದು ಒಂದು ಎಂಬರ್ಥದ ಹಳೆಯ ‘ಆನ್’ನಿಂದ, ‘ದಿ’ ಹುಟ್ಟಿದ್ದು ಆ ಎಂದು ತೋರಿಸುವ ಪದದಿಂದ.

ಕನ್ನಡದಲ್ಲಿ ಈ ಭೇದವನ್ನು ದ್ವಿತೀಯಾ ವಿಭಕ್ತಿಯೂ ಸದ್ದಿಲ್ಲದೆ ಮಾಡುತ್ತದೆ. ‘ನಿನ್ನೆ ಪುಸ್ತಕ ಕೊಂಡೆ’ ಎಂದರೆ ಯಾವುದೋ ಒಂದು ಪುಸ್ತಕ. ‘ನಿನ್ನೆ ಪುಸ್ತಕವನ್ನು ಕೊಂಡೆ’ ಎಂದರೆ ನಿಮಗೂ ನನಗೂ ಗೊತ್ತಿರುವ, ಮೊದಲೇ ಮಾತಿಗೆ ಬಂದಿದ್ದ ಪುಸ್ತಕ ಎಂಬ ಛಾಯೆ ಇಣುಕುತ್ತದೆ. ಕಚೇರಿಯ ಮಾತಿಗೇ ಬನ್ನಿ: ‘ಕಡತ ಕಳುಹಿಸಿದ್ದೇನೆ, ದಯವಿಟ್ಟು ಕಡತವನ್ನು ನೋಡಿ.’ ಮೊದಲ ಕಡತ ‘ಎ ಫೈಲ್’, ಎರಡನೆಯದು ‘ದಿ ಫೈಲ್’. ಇದು ತಕ್ಕಡಿಯಷ್ಟು ನಿಖರವಾದ ಅಳತೆಯಲ್ಲ. ಗ್ರಾಂಥಿಕ ಕನ್ನಡ ಎಲ್ಲೆಂದರಲ್ಲಿ ‘ಅನ್ನು’ ಹಚ್ಚುತ್ತದೆ, ಮನುಷ್ಯರ ವಿಷಯದಲ್ಲಂತೂ ‘ಹುಡುಗನನ್ನು ಕಂಡೆ’ ಎನ್ನದೆ ವಿಧಿಯಿಲ್ಲ. ಅಂಥ ಕಡೆ ಅಜ್ಜಿಯ ‘ಒಬ್ಬ’, ‘ಆ’ ಹಾಕಿ ನೋಡಿಕೊಳ್ಳಿ.

‘ಎ’ಯೋ ‘ಆ್ಯನ್’ನೋ ಎಂಬುದನ್ನು ಕಿವಿಗೆ ಬಿಡಿ, ಅಕ್ಷರ ನೋಡಬೇಡಿ: ‘ಆ್ಯನ್ ಎಮ್ಮೆಲ್ಲೆ’, ‘ಎ ಯೂನಿವರ್ಸಿಟಿ’.

ಎಣಿಕೆಯ ವಿಷಯದಲ್ಲಿ ಮಾತ್ರ ಕನ್ನಡದ ಕಿವಿ ಮೋಸ ಮಾಡುತ್ತದೆ. ಅಕ್ಕಿಯನ್ನು ನಾವೂ ಎಣಿಸುವುದಿಲ್ಲ, ಅವರೂ ಎಣಿಸುವುದಿಲ್ಲ. ಆದರೆ ಎರಡು ಸಲಹೆ, ನಾಲ್ಕು ಮಾಹಿತಿ ನಮಗೆ ಸಹಜ. ಇಂಗ್ಲಿಷಿನ ‘ಅಡ್ವೈಸ್’, ‘ಇನ್ಫರ್ಮೇಶನ್’, ‘ಫರ್ನಿಚರ್’, ‘ಲಗೇಜ್’ ಅಕ್ಕಿಯ ಸಾಲಿನವು, ಅವುಗಳ ಮುಂದೆ ‘ಎ’ ಇಲ್ಲ, ಹಿಂದೆ ಬಹುವಚನದ ‘ಸ್’ ಇಲ್ಲ. ‘ಬೈ ಬಸ್’, ‘ಟು ಸ್ಕೂಲ್’ ಎಂಬಲ್ಲಿ ಎಣಿಸಬಹುದಾದ ಪದವಿದ್ದೂ ಕುರ್ಚಿ ಖಾಲಿ. ಇಂಥವನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡೆ.